ಒಂದು ರಾತ್ರಿಯ ಊಟ: ಅಡುಗೆಯ ಪಾಠ, ಲೆಕ್ಕದ ಪಾಠ



ಈ ಸಂಚಿಕೆಗೆ ಪಠ್ಯಪುಸ್ತಕದ ಹೊರಗೆ ಕಲಿತ ಒಂದು ವಿಷಯವನ್ನು ಪಾಠದ ರೂಪದಲ್ಲಿ ಬರೆದು ಕೊಡಿ ಎಂದು ಕನ್ನಡ ಉಪನ್ಯಾಸಕರು ಹೇಳಿದ್ದರು. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಮನೆಯಲ್ಲಿ ಉರ್ದು ಮಾತಾಡುತ್ತೇವೆ, ಕನ್ನಡ ಶಾಲೆಯಲ್ಲಿ ಬಂದದ್ದು. ತಪ್ಪಿದ್ದರೆ ಕ್ಷಮಿಸಿ. ನಾನು ಬರೆಯುತ್ತಿರುವುದು ಅಡುಗೆಯ ಪಾಠ. ಶೀರ್ಷಿಕೆ ನೋಡಿ ನನ್ನ ಬೆಂಚಿನವರು ಈಗಾಗಲೇ ನಕ್ಕಾಗಿದೆ. ನಗಲಿ. ಕೊನೆಯಲ್ಲಿ ಲೆಕ್ಕವೂ ಇದೆ, ಅದನ್ನು ಅವರು ಬಿಡಿಸಲಿ.

ಯಾಕೆ ಅಡುಗೆ ಕಲಿತೆ

ನಮ್ಮ ಮನೆ ಮೂಡಿಗೆರೆ ಕಡೆ. ಮನೆಯಲ್ಲಿ ಆರು ಜನ: ದಾದಿ, ಅಬ್ಬಾ, ಅಮ್ಮಿ, ನಾನು, ತಂಗಿ, ತಮ್ಮ. ಆಪಾಳ ಮದುವೆಯಾಗಿ ಕಳಸದಲ್ಲಿದ್ದಾಳೆ. ಅಬ್ಬಾ ಪಿಕಪ್ ಓಡಿಸುತ್ತಾರೆ. ಕೊಯ್ಲಿನ ಕಾಲದಲ್ಲಿ ತೋಟಗಳಿಂದ ಕಾಫಿ ಮೂಟೆ, ಉಳಿದ ಕಾಲದಲ್ಲಿ ಸಿಕ್ಕಿದ ಬಾಡಿಗೆ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ.

ಜೂನ್ ತಿಂಗಳಲ್ಲಿ ಅಮ್ಮಿ ಹೊಲಿಗೆ ಯಂತ್ರದ ಮುಂದೆ ಕೂತವರು ಏಳಲಾಗದೆ ತಲೆ ಹಿಡಿದುಕೊಂಡು ಕೂತರು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಎಂದು ಬಂತು. ಗರ್ಭಿಣಿಯಲ್ಲದ ಹೆಂಗಸರಿಗೆ ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು, ಎರಡು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದರು. "ಊಟದಲ್ಲಿ ಮಾಂಸ, ಸೊಪ್ಪು, ತರಕಾರಿ ಇರಲಿ. ಸ್ವಲ್ಪ ರೆಸ್ಟ್ ಮಾಡಿ" ಅಂದರು.

ರೆಸ್ಟ್ ಎಂಬ ಮಾತು ಕೇಳಿ ಅಮ್ಮಿ ನಕ್ಕರು. ಅಡುಗೆ ಯಾರು ಮಾಡುವುದು? ದಾದಿಗೆ ಮಂಡಿ ನೋವು. ತಂಗಿಗೆ ಹನ್ನೊಂದು ವರ್ಷ. ಉಳಿದವನು ನಾನು. ಹೀಗೆ ವಾರದಲ್ಲಿ ಮೂರು ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂತು.

ಮೊದಲ ಸಲ: ಚಪ್ಪಲಿ

ಬೇಳೆ, ಪಲ್ಯ, ಅನ್ನ ಒಂದು ವಾರದಲ್ಲಿ ಕೈಗೆ ಬಂತು. ಧೈರ್ಯ ಬಂದು, ಮೊಬೈಲಿನಲ್ಲಿ ನೋಡಿದ ಒಂದು ಅಡುಗೆ ಮಾಡಲು ಹೊರಟೆ. ಏಷ್ಯನ್ ಶೈಲಿಯ ಖಾರದ ಬೀಫ್ ಮತ್ತು ತರಕಾರಿ, ಹತ್ತೇ ನಿಮಿಷದಲ್ಲಿ ರೆಡಿ ಎಂದಿತ್ತು. ಮಾಂಸವೂ ತರಕಾರಿಯೂ ಒಂದೇ ಬಾಣಲೆಯಲ್ಲಿ, ಡಾಕ್ಟರ್ ಹೇಳಿದ್ದೂ ಅದೇ ಅಂದುಕೊಂಡೆ.

ಅದರಲ್ಲಿ ತೋರಿಸಿದಂತೆ ಮಾಂಸವನ್ನು ಉದ್ದುದ್ದ ಸೀಳಿ, ಸೋಯಾ ಸಾಸ್ ಹಚ್ಚಿ, ಜೋರು ಉರಿಯಲ್ಲಿ ಐದು ನಿಮಿಷ ಹುರಿದೆ. ಬಣ್ಣ ಚೆನ್ನಾಗಿ ಬಂತು, ವಾಸನೆಯೂ ಚೆನ್ನಾಗಿತ್ತು. ತಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಆಮೇಲೆ ಕೇಳಿದ: "ಭಾಯ್, ಚಪ್ಪಲ್ ಪಕಾಯೇ ಕ್ಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ.

ದಾದಿ ಮಾತ್ರ ಏನೂ ಹೇಳಲಿಲ್ಲ. ಅವರಿಗೆ ದವಡೆ ಹಲ್ಲು ಇರುವುದು ಒಂದೇ ಕಡೆ. ತುಂಡುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿ ಅನ್ನ, ಎಲೆಕೋಸು ತಿಂದು ಎದ್ದರು. ಇನ್ನೊಂದು ಸೌಟು ಬಡಿಸಲು ಹೋದರೆ "ನಕ್ಕೋ ಬೇಟಾ, ಪೇಟ್ ಭರ್ ಗಯಾ" ಅಂದರು. ಅಮ್ಮಿಯ ತಟ್ಟೆಯಲ್ಲೂ ನಾಲ್ಕು ತುಂಡು ಉಳಿದಿತ್ತು. ಅಗಿಯಲು ಅವರಿಗೆ ಸುಸ್ತು. ಯಾರಿಗಾಗಿ ಮಾಂಸ ತಂದೆವೋ ಅವರೇ ತಿನ್ನಲಿಲ್ಲ. ತಟ್ಟೆ ತೊಳೆಯುವಾಗ ಆ ತುಂಡುಗಳನ್ನು ಎಣಿಸಿದೆ. ಹದಿನೇಳು. ಅಬ್ಬಾ ಅವತ್ತು ದುಡಿದದ್ದರಲ್ಲಿ ಅದರ ಪಾಲೆಷ್ಟು ಎಂದು ಲೆಕ್ಕ ಹಾಕಬಾರದಿತ್ತು, ಹಾಕಿದೆ.

ತಪ್ಪಾದದ್ದು ಎಲ್ಲಿ ಎಂದು ಹುಡುಕಲು ಶುರು ಮಾಡಿದ್ದು ಆ ರಾತ್ರಿಯೇ.

ಏಷ್ಯನ್ ಶೈಲಿ ಎಂದರೇನು

ಏಷ್ಯನ್ ಅಡುಗೆ ಎಂದು ಹೆಸರಿಟ್ಟವರು ಏಷ್ಯಾದಿಂದ ಹೊರಗಿನವರೇ ಇರಬೇಕು. ನಾವೂ ಏಷ್ಯಾದವರೇ ಅಲ್ಲವೇ? ಅವರು ಹೇಳುವುದು ಮುಖ್ಯವಾಗಿ ಚೀನಾ ಮತ್ತು ಅದರ ಅಕ್ಕಪಕ್ಕದ ದೇಶಗಳ ವಿಧಾನವನ್ನು. ಎಲ್ಲವನ್ನೂ ತೆಳ್ಳಗೆ ಹೆಚ್ಚಿ, ಕಾರ್ನ್‌ಫ್ಲೋರ್ ಹಚ್ಚಿ, ಹೊಗೆಯಾಡುವಷ್ಟು ಕಾದ ಬಾಣಲೆಯಲ್ಲಿ ಕೆಲವೇ ನಿಮಿಷ ತಿರುವುವುದು. ಉರುವಲು ಉಳಿಯುತ್ತದೆ, ತರಕಾರಿ ಗರಿಗರಿಯಾಗಿರುತ್ತದೆ, ಸ್ವಲ್ಪ ಮಾಂಸದಲ್ಲಿ ಇಡೀ ಮನೆ ಉಣ್ಣಬಹುದು.

ಇದರ ಭಾರತೀಯ ರೂಪ ನಮಗೆಲ್ಲ ಗೊತ್ತು. ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಚೀನೀಯರು, ಮುಖ್ಯವಾಗಿ ಟ್ಯಾಂಗ್ರಾ ಎಂಬ ಬಡಾವಣೆಯವರು, ತಮ್ಮ ಅಡುಗೆಗೆ ನಮ್ಮ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹೆಚ್ಚು ಹಾಕಿ ಹೊಸ ರುಚಿ ಕಟ್ಟಿದರು. ಅದೇ ಊರೂರು ದಾಟಿ ಇವತ್ತು ನಮ್ಮ ಬಸ್ ಸ್ಟ್ಯಾಂಡಿನ ಗೋಬಿ ಮಂಚೂರಿ ಗಾಡಿಯವರೆಗೆ ಬಂದಿದೆ.

ಖಾರದ ಕಥೆ ಇನ್ನೂ ಸ್ವಾರಸ್ಯ. ಕರಿಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಕಾಫಿ ತೋಟದ ನೆರಳಿನ ಮರಗಳಿಗೆಲ್ಲ ಅದೇ ಹಬ್ಬಿರುತ್ತದೆ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂತು. ಅದಕ್ಕೂ ಮೊದಲು ನಮ್ಮ ಬೆಟ್ಟದವರಿಗೆ ಖಾರವೆಂದರೆ ಕರಿಮೆಣಸು, ಶುಂಠಿ. ಮೆಣಸಿನಕಾಯಿ ಎಂಬ ಹೆಸರಿನಲ್ಲೇ ಹಳೆಯ ಮೆಣಸು ಕೂತಿದೆ. ಆದ್ದರಿಂದ ಈ ಅಡುಗೆಗೆ ಕರಿಮೆಣಸು ಹಾಕುವುದು ಬೆರಕೆಯಲ್ಲ, ಅದು ನಮ್ಮ ಪಾಲು.

ನಮ್ಮ ಮಾಂಸ ಯಾಕೆ ಗಟ್ಟಿ

ನಮ್ಮ ಮನೆಯಲ್ಲಿ ಕುರಿ-ಮೇಕೆಯದ್ದು ಛೋಟೇ ಕಾ ಗೋಶ್ತ್, ದೊಡ್ಡ ಪ್ರಾಣಿಯದ್ದು ಬಡೇ ಕಾ ಗೋಶ್ತ್. ಹೋಟೆಲಿನ ಬೋರ್ಡಿನಲ್ಲಿ ಅದು ಬೀಫ್. ಆದರೆ ಕರ್ನಾಟಕದ ಕಾನೂನಿನ ಪ್ರಕಾರ ಈಗ ಸಿಗುವುದು ಏನು ಎಂದು ಸರಿಯಾಗಿ ತಿಳಿದಿರಬೇಕು.

1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಅಧಿಕಾರಿಯ ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ (ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020) ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದ್ದಾದರೂ ಕಡಿಯುವಂತಿಲ್ಲ. ಎಮ್ಮೆ, ಕೋಣ 13 ವರ್ಷಕ್ಕಿಂತ ಚಿಕ್ಕದಾದರೆ ಅದೂ ನಿಷೇಧ. 13 ದಾಟಿದ ಎಮ್ಮೆ ಅಥವಾ ಕೋಣವನ್ನು ಮಾತ್ರ ಪ್ರಮಾಣಪತ್ರದೊಂದಿಗೆ, ಪರವಾನಗಿ ಇರುವ ಜಾಗದಲ್ಲಿ ಕಡಿಯಬಹುದು. ಮೊದಲ ಸಲ ತಪ್ಪಿದರೆ ಶಿಕ್ಷೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಆ ಕಾಯ್ದೆಯ ಭಾಷೆಯಲ್ಲಿ ಬೀಫ್ ಎಂದರೆ ಅದು ಪಟ್ಟಿ ಮಾಡಿದ ಜಾನುವಾರುಗಳ ಮಾಂಸ. 13 ದಾಟಿದ ಎಮ್ಮೆ ಆ ಪಟ್ಟಿಯಲ್ಲಿ ಇಲ್ಲ. ನಾವು ಬಾಯಿಮಾತಿನಲ್ಲಿ ಬೀಫ್ ಅನ್ನುವುದು ಕಾಗದದ ಮೇಲೆ ಎಮ್ಮೆ ಮಾಂಸ.

ಅದಕ್ಕೇ ಅಬ್ಬಾ ಅಂಗಡಿಯ ಚಾಚಾನಿಂದ ಪ್ರತಿ ಸಲ ಬಿಲ್ ಬರೆಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಚೀಲ ನನ್ನ ಕೈಯಲ್ಲಿ, ಬಿಲ್ ಅವರ ಜೇಬಿನಲ್ಲಿ. ಬಸ್ಸಿನಲ್ಲಿ ಬರುವಾಗ ಎರಡು ಸಲವಾದರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲಿ ವೋಚರ್ ಇಲ್ಲದೆ ವ್ಯವಹಾರ ಬರೆಯಬೇಡಿ ಎಂದು ಓದಿದ್ದೆ. ವೋಚರ್ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಬಸ್ಸಿನಲ್ಲಿ.

ಈಗ ಅಡುಗೆಗೆ ಬರೋಣ. 13 ವರ್ಷ ದಾಟಿದ ಎಮ್ಮೆ ಎಂದರೆ ಎಷ್ಟೋ ಸಲ ಕರು ಹಾಕಿ, ಹಾಲು ಕೊಟ್ಟು, ಬೆಟ್ಟ ಹತ್ತಿ ಇಳಿದ ಜೀವ. ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲಾಜನ್ ಎಂಬ ಪದಾರ್ಥ ಇದೆ. ವಯಸ್ಸಾದಂತೆ ಅದರ ಹೆಣಿಗೆ ಬಿಗಿಯಾಗುತ್ತದೆ. ಎಳೆಯ ಪ್ರಾಣಿಯ ಮಾಂಸ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ, ಇದು ಆಗುವುದಿಲ್ಲ. ಜೋರು ಉರಿ ತಾಗಿದರೆ ಇನ್ನೂ ಮುದುಡಿ ನೀರು ಬಿಟ್ಟು ರಬ್ಬರ್ ಆಗುತ್ತದೆ. ಆದರೆ ನೀರಿನಲ್ಲಿ ನಿಧಾನವಾಗಿ ಬೇಯಿಸಿದರೆ ಅದೇ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ. ಪಾಯಾ ತಣ್ಣಗಾದಾಗ ಗಟ್ಟಿಯಾಗಿ ಅಲುಗಾಡುತ್ತದಲ್ಲ, ಅದೇ ಜೆಲಟಿನ್.

ಮೊಬೈಲಿನವರ ಪಾಕವಿಧಾನ ಸುಳ್ಳಲ್ಲ. ಅವರ ಕೈಯಲ್ಲಿದ್ದ ಮಾಂಸ ಬೇರೆ, ನಮ್ಮದು ಬೇರೆ.

ಎರಡನೇ ಸಲ: ಪಪ್ಪಾಯಿ

ಆಪಾ ಫೋನಿನಲ್ಲಿ ಪಪ್ಪಾಯಿ ಕಾಯಿ ಅರೆದು ಹಚ್ಚಲು ಹೇಳಿದಳು. ಹಸಿ ಪಪ್ಪಾಯಿಯಲ್ಲಿ ಪಪೇನ್ ಎಂಬ ಕಿಣ್ವ ಇದೆ, ಅದು ಮಾಂಸದ ಪ್ರೋಟೀನನ್ನು ಒಡೆಯುತ್ತದೆ. ನಮ್ಮ ಕಬಾಬುಗಳಿಗೆ ಹಳಬರು ಹಚ್ಚುವುದು ಇದನ್ನೇ. ಆಪಾ ಹೇಳಿದ್ದು ಒಂದು ಗಂಟೆ. ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಮೆತ್ತಗಾಗುತ್ತದೆ ಎಂದು ನಾನು ಇಡೀ ರಾತ್ರಿ ಇಟ್ಟೆ. ಬೆಳಗ್ಗೆ ನೋಡಿದರೆ ತುಂಡುಗಳ ಹೊರಮೈ ಹಿಟ್ಟಿನಂತಾಗಿತ್ತು, ಒಳಗೆ ಮಾತ್ರ ಗಟ್ಟಿ. ಪಪೇನ್ ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ, ದಪ್ಪ ತುಂಡಿನ ಒಳಗೆ ಸುಲಭವಾಗಿ ಇಳಿಯುವುದಿಲ್ಲ. ಅರೆದ ಮಾಂಸಕ್ಕೆ, ತೆಳ್ಳನೆ ಹೋಳಿಗೆ, ಅದೂ ಸ್ವಲ್ಪ ಹೊತ್ತಿಗೆ ಅದು ಸರಿ. ಅವತ್ತು ದಾದಿ ಎರಡು ತುಂಡು ತಿಂದರು. ಪ್ರಗತಿ ಅಂದುಕೊಂಡೆ.

ಮೂರನೇ ಸಲ: ಮೊದಲು ಬೇಯಿಸು, ಆಮೇಲೆ ಹೆಚ್ಚು, ಕೊನೆಗೆ ಹುರಿ

ಮೂರನೇ ಸಲ ದಾರಿ ತೋರಿಸಿದವರು ದಾದಿ. "ಮೊದಲು ಬೇಯಿಸಿಕೋ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಆಮೇಲೆ ನಿನ್ನ ಚೀನಾ ಏನು ಮಾಡುತ್ತದೋ ಮಾಡು" ಅಂದರು. ಅಟ್ಟದ ಮೇಲಿದ್ದ ತಮ್ಮ ಹಳೆಯ ಕಬ್ಬಿಣದ ಬಾಣಲೆಯನ್ನೂ ಇಳಿಸಲು ಹೇಳಿದರು. ಅದನ್ನು ಉಜ್ಜಿ ಎಣ್ಣೆ ಸವರಿ ಕಾಯಿಸಿದೆ. ಗ್ಯಾಸಿನ ಉರಿ ಸಾಲದು ಎಂದು ಹಿಂದಿನ ಹಂಡೆ ಒಲೆಗೆ ಕಾಫಿ ಗಿಡದ ಸೌದೆ ಹಾಕಿ ಹೊತ್ತಿಸಿದೆವು.

ಆರು ಜನಕ್ಕೆ ಬೇಕಾದದ್ದು:

ಎಮ್ಮೆ ಮಾಂಸ, ಮೂಳೆ ಇಲ್ಲದ ರಾನ್ 600 ಗ್ರಾಂ
ಎಲೆಕೋಸು 250 ಗ್ರಾಂ, ದೊಣ್ಣೆಮೆಣಸಿನಕಾಯಿ 200 ಗ್ರಾಂ
ಬೀನ್ಸ್, ಕ್ಯಾರೆಟ್, ಈರುಳ್ಳಿ ತಲಾ 150 ಗ್ರಾಂ, ಈರುಳ್ಳಿ ಸೊಪ್ಪು ಒಂದು ಕಟ್ಟು
ಶುಂಠಿ ಎರಡು ಅಂಗುಲ, ಬೆಳ್ಳುಳ್ಳಿ 15 ಎಸಳು
ಬ್ಯಾಡಗಿ ಮೆಣಸಿನಕಾಯಿ 8, ಸೂಜಿಮೆಣಸು 4, ಕುಟ್ಟಿದ ಕರಿಮೆಣಸು 1 ಚಿಕ್ಕ ಚಮಚ
ಸೋಯಾ ಸಾಸ್ 2 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ, ಸಕ್ಕರೆ 1 ಚಿಕ್ಕ ಚಮಚ
ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ಎಣ್ಣೆ 4 ದೊಡ್ಡ ಚಮಚ, ಉಪ್ಪು

ಕೆಲಸವನ್ನು ನಮಾಜಿನ ಹೊತ್ತಿಗೆ ಹಂಚಿಕೊಂಡರೆ ಸುಲಭ. ಅಸರ್ ಆದ ಮೇಲೆ ಕುಕ್ಕರ್, ಮಗ್ರಿಬ್ ಆದ ಮೇಲೆ ತರಕಾರಿ, ಇಶಾ ಆದ ಮೇಲೆ ಬಾಣಲೆ. ಬಾಣಲೆಯಿಂದ ನೇರ ತಟ್ಟೆಗೆ.

1. ಮಾಂಸವನ್ನು ಸಣ್ಣಗೆ ಹೆಚ್ಚಬೇಡಿ. ಮೂರು ದೊಡ್ಡ ಗಡ್ಡೆಯಾಗಿ ಇರಲಿ. ಒಂದು ಲೋಟ ನೀರು, ಜಜ್ಜಿದ ಅರ್ಧ ಶುಂಠಿ, ಅರ್ಧ ಚಿಕ್ಕ ಚಮಚ ಉಪ್ಪು, ಅರ್ಧ ಚಮಚ ಕರಿಮೆಣಸು ಹಾಕಿ ಕುಕ್ಕರ್ ಮುಚ್ಚಿ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ ಬಿಡಿ. ಆವಿ ತಾನಾಗಿ ಇಳಿಯಲಿ. ಚಾಕು ಚುಚ್ಚಿದರೆ ಸ್ವಲ್ಪ ತಡೆದು ಒಳಗೆ ಹೋಗಬೇಕು. ಪೂರ್ತಿ ಬಿಡಿಬಿಡಿಯಾದರೆ ಹುರಿಯುವಾಗ ಪುಡಿಯಾಗುತ್ತದೆ.

2. ಗಡ್ಡೆಗಳನ್ನು ತೆಗೆದು ಅರ್ಧ ಗಂಟೆ ತಣ್ಣಗಾಗಲು ಬಿಡಿ. ಬಿಸಿ ಇರುವಾಗ ಹೆಚ್ಚಿದರೆ ಹರಿಯುತ್ತದೆ. ಕುಕ್ಕರಿನ ನೀರನ್ನು ಚೆಲ್ಲಬೇಡಿ, ಸಾರವೆಲ್ಲ ಅದರಲ್ಲೇ ಇದೆ.

3. ಈಗ ಮುಖ್ಯ ಪಾಠ. ಮಾಂಸದಲ್ಲಿ ಎಳೆಗಳು ಯಾವ ಕಡೆ ಓಡುತ್ತವೆ ಎಂದು ನೋಡಿ. ಚಾಕು ಅದಕ್ಕೆ ಅಡ್ಡ ಬರಬೇಕು. ಮೊದಲ ಸಲ ನಾನು ಎಳೆಯ ಉದ್ದಕ್ಕೆ ಸೀಳಿದ್ದೆ. ಹಾಗಾದರೆ ಉದ್ದದ ದಾರವನ್ನು ಹಲ್ಲೇ ಕತ್ತರಿಸಬೇಕು. ಅಡ್ಡ ಹೆಚ್ಚಿದರೆ ಆ ಕೆಲಸ ಚಾಕು ಮಾಡಿ ಮುಗಿಸಿರುತ್ತದೆ. ಹಲ್ಲಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅರ್ಧ ಬೆರಳಿಗಿಂತ ತೆಳ್ಳಗಿನ ಹೋಳು ಮಾಡಿ.

4. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಹತ್ತು ಎಸಳು ಬೆಳ್ಳುಳ್ಳಿ ಮತ್ತು ಉಳಿದ ಶುಂಠಿ ಸೇರಿಸಿ ನುಣ್ಣಗೆ ಅರೆಯಿರಿ. ಬಣ್ಣ ಇದರಿಂದಲೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಬ್ಯಾಡಗಿ ಮನೆಯಲ್ಲಿರುವಾಗ ಡಬ್ಬಿಯ ಬಣ್ಣ ಯಾಕೆ?

5. ಒಂದು ಬಟ್ಟಲಿನಲ್ಲಿ ಮುಕ್ಕಾಲು ಲೋಟ ಮಾಂಸದ ನೀರು, ಸೋಯಾ ಸಾಸ್, ವಿನೆಗರ್, ಸಕ್ಕರೆ, ಉಳಿದ ಕರಿಮೆಣಸು, ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿಡಿ. ಚೀನಾದಲ್ಲಿ ಇದಕ್ಕೆ ಅಕ್ಕಿಯ ಮದ್ಯ ಸೇರಿಸುವುದುಂಟು. ನಮಗೆ ಅದು ಹರಾಮ್, ವಿನೆಗರ್ ಮತ್ತು ಸಕ್ಕರೆ ಸಾಕು. ಸೋಯಾ ಸಾಸ್‌ನಲ್ಲೇ ಉಪ್ಪು ಜಾಸ್ತಿ ಇರುವುದರಿಂದ ಕೊನೆಯಲ್ಲಿ ರುಚಿ ನೋಡದೆ ಉಪ್ಪು ಹಾಕಬೇಡಿ.

6. ತರಕಾರಿಗಳನ್ನು ಬೇರೆ ಬೇರೆ ತಟ್ಟೆಯಲ್ಲಿ ಹೆಚ್ಚಿಡಿ. ಬಾಣಲೆ ಕಾದ ಮೇಲೆ ಹೆಚ್ಚಲು ಸಮಯ ಸಿಗುವುದಿಲ್ಲ. ವ್ಯವಹಾರ ಅಧ್ಯಯನದಲ್ಲಿ ಯೋಜನೆ ಮೊದಲು, ನಿಯಂತ್ರಣ ಕೊನೆಗೆ ಎಂದು ಓದುತ್ತೇವಲ್ಲ, ಅದೇ.

7. ಬಾಣಲೆ ಹೊಗೆಯಾಡಲಿ. ಮೂರು ಚಮಚ ಎಣ್ಣೆ. ಮಾಂಸದ ಹೋಳಿಗೆ ಉಳಿದ ಕಾರ್ನ್‌ಫ್ಲೋರ್ ಉದುರಿಸಿ, ಎರಡು ಕಂತಿನಲ್ಲಿ ಎರಡೆರಡು ನಿಮಿಷ ಹುರಿದು ತೆಗೆಯಿರಿ. ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ ಹುರಿಯುವ ಬದಲು ಬೇಯುತ್ತದೆ.

8. ಉಳಿದ ಎಣ್ಣೆಗೆ ಹೆಚ್ಚಿದ ಬೆಳ್ಳುಳ್ಳಿ, ಸೀಳಿದ ಸೂಜಿಮೆಣಸು, ತಕ್ಷಣ ಅರೆದ ಮಸಾಲೆ. ಹಸಿ ವಾಸನೆ ಹೋದ ಮೇಲೆ ಈರುಳ್ಳಿ, ಬೀನ್ಸ್, ಕ್ಯಾರೆಟ್ ಮೂರು ನಿಮಿಷ. ಆಮೇಲೆ ಎಲೆಕೋಸು, ದೊಣ್ಣೆಮೆಣಸಿನಕಾಯಿ ಎರಡೇ ನಿಮಿಷ. ಮಾಂಸ ಹಾಕಿ, ಬಟ್ಟಲಿನ ರಸ ಕದಡಿ ಸುರಿದು, ಗಟ್ಟಿಯಾಗುವವರೆಗೆ ಒಂದು ನಿಮಿಷ ತಿರುವಿ. ಮೇಲೆ ಈರುಳ್ಳಿ ಸೊಪ್ಪು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಇರುವ ಅಡುಗೆಯನ್ನು ಇಡೀ ರಾತ್ರಿ ಬಿಡಬೇಡಿ. ರುಚಿ ಕೆಡುತ್ತದೆ, ಬಾಣಲೆಯೂ ತುಕ್ಕು ಹಿಡಿಯುತ್ತದೆ.

ಸೂಜಿಮೆಣಸನ್ನು ಅರೆಯದೆ ಸೀಳಿ ಹಾಕುವುದು ಯಾಕೆಂದರೆ, ಚಿಕ್ಕವರು ಅದನ್ನು ತೆಗೆದಿಟ್ಟು ತಿನ್ನಬಹುದು. ಅಬ್ಬಾ ಎಲ್ಲರ ತಟ್ಟೆಯದ್ದನ್ನೂ ಹುಡುಕಿ ತಿನ್ನುತ್ತಾರೆ.

ಬೇರೆಯವರಿಗೆ

ನಮ್ಮ ತರಗತಿಯಲ್ಲಿ ಈ ಮಾಂಸ ತಿನ್ನದವರೂ, ಮಾಂಸವನ್ನೇ ತಿನ್ನದವರೂ ಇದ್ದಾರೆ. ಬಾಣಲೆಯ ಪಾಠ ಎಲ್ಲರಿಗೂ ಒಂದೇ. ಕೋಳಿಯಾದರೆ ಕುಕ್ಕರ್ ಬೇಡ. ಸಣ್ಣ ತುಂಡು ಮಾಡಿ ಒಳಗಿನವರೆಗೆ ಬೇಯುವಂತೆ ಹುರಿದರೆ ಆಯಿತು. ಅಣಬೆಯಾದರೆ ಜೋರು ಉರಿಯಲ್ಲಿ ಉಪ್ಪು ಹಾಕದೆ ಮೊದಲು ಹುರಿಯಿರಿ, ಉಪ್ಪು ಬಿದ್ದರೆ ನೀರು ಬಿಡುತ್ತದೆ. ಅಂಗಡಿಯ ಅಣಬೆಯನ್ನೇ ತನ್ನಿ. ಮಳೆಗಾಲದಲ್ಲಿ ತೋಟದಲ್ಲಿ ಕಂಡದ್ದನ್ನೆಲ್ಲ, ಗೊತ್ತಿರುವ ಹಿರಿಯರು ಜೊತೆಗಿಲ್ಲದೆ, ಕೀಳಬೇಡಿ. ಸೋಯಾ ಚಂಕ್ಸ್ ಆದರೆ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಹುರಿಯಿರಿ.

ಲೆಕ್ಕ

ನಾನು ವಾಣಿಜ್ಯ ವಿಭಾಗದವನು, ಲೆಕ್ಕ ಬರೆಯದಿದ್ದರೆ ಹೇಗೆ? ಮೂರನೇ ಸಲ ಮಾಡಿದ ದಿನ ನಾವು ಕೊಟ್ಟ ಬೆಲೆ ಇದು:

ಮಾಂಸ 600 ಗ್ರಾಂ (ಕೆಜಿಗೆ 400): 240 ರೂ.
ಬೀನ್ಸ್: 12 ರೂ.
ಕ್ಯಾರೆಟ್: 9 ರೂ.
ದೊಣ್ಣೆಮೆಣಸಿನಕಾಯಿ: 16 ರೂ.
ಎಲೆಕೋಸು: 10 ರೂ.
ಈರುಳ್ಳಿ ಸೊಪ್ಪು: 15 ರೂ.
ಈರುಳ್ಳಿ: 6 ರೂ.
ಶುಂಠಿ, ಬೆಳ್ಳುಳ್ಳಿ: 12 ರೂ.
ಸೋಯಾ ಸಾಸ್: 9 ರೂ.
ವಿನೆಗರ್, ಕಾರ್ನ್‌ಫ್ಲೋರ್, ಸಕ್ಕರೆ, ಉಪ್ಪು: 6 ರೂ.
ಎಣ್ಣೆ: 8 ರೂ.
ಮೆಣಸಿನಕಾಯಿ, ಕರಿಮೆಣಸು: 8 ರೂ.
ಅಕ್ಕಿ 600 ಗ್ರಾಂ: 33 ರೂ.
ಗ್ಯಾಸ್: 12 ರೂ.
ಒಟ್ಟು: 396 ರೂ. ಆರು ಜನಕ್ಕೆ ತಲಾ 66 ರೂ.

ಇದೇ ಊಟ ಕುರಿ ಮಾಂಸದಲ್ಲಿ (ನಮ್ಮಲ್ಲಿ ಕೆಜಿಗೆ 800) ಮಾಡಿದರೆ ಒಟ್ಟು 636, ತಲಾ 106. ನಮ್ಮಂಥ ಮನೆಗಳಲ್ಲಿ ಬಡೇ ಕಾ ಗೋಶ್ತ್ ಬರುವುದು ಹಬ್ಬಕ್ಕಲ್ಲ, ಈ 40 ರೂಪಾಯಿಯ ವ್ಯತ್ಯಾಸಕ್ಕೆ. ವಾರಕ್ಕೊಂದು ಸಲ ಮಾಡಿದರೂ ಆರು ಜನಕ್ಕೆ ತಿಂಗಳಿಗೆ 960 ರೂಪಾಯಿ ಆಗುತ್ತದೆ. ಇನ್ನೊಂದು ವಿಷಯ ಗಮನಿಸಿ. 600 ಗ್ರಾಂ ಮಾಂಸದ ಜೊತೆ ಹೆಚ್ಚುಕಡಿಮೆ ಒಂದು ಕೆಜಿ ತರಕಾರಿ ಇದೆ, ಅದರ ಬೆಲೆ 68 ರೂಪಾಯಿ ಮಾತ್ರ. ಬರೀ ಸಾಲನ್ ಮಾಡುವ ದಿನ ನಮಗೆ ಒಂದು ಕೆಜಿ ಮಾಂಸವಾದರೂ ಬೇಕು.

ಕರಿಮೆಣಸು ಹಿತ್ತಲ ಹಲಸಿನ ಮರದ ಬಳ್ಳಿಯದ್ದು, ದುಡ್ಡು ಕೊಟ್ಟಿಲ್ಲ. ಆದರೂ 3 ರೂಪಾಯಿ ಸೇರಿಸಿದ್ದೇನೆ. ಅಷ್ಟನ್ನು ಮಾರಿದ್ದರೆ ದುಡ್ಡು ಬರುತ್ತಿತ್ತು. ಅರ್ಥಶಾಸ್ತ್ರದಲ್ಲಿ ಅದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಸೌದೆಯ ಬೆಲೆ ಬಿಟ್ಟಿದ್ದೇನೆ. ಅದು ತಪ್ಪೋ ಸರಿಯೋ, ನೀವು ಹೇಳಿ.

ಕಬ್ಬಿಣಾಂಶ ಮತ್ತು ಕಾಫಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಅಂದರೆ ನಮ್ಮ ಕಾಲೇಜಿನ ಹುಡುಗಿಯರೂ ಆ ವಯಸ್ಸಿನ ಗುಂಪಿನಲ್ಲೇ ಇದ್ದಾರೆ. ಆದ್ದರಿಂದ ಈ ಭಾಗವನ್ನು ಎಲ್ಲರೂ ಓದಿ.

ಮಾಂಸದಲ್ಲಿ ಕಬ್ಬಿಣಾಂಶದ ಒಂದು ಭಾಗ ಹೀಮ್ ರೂಪದಲ್ಲಿದೆ, ಅದನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳು, ತರಕಾರಿಯದ್ದು ಬೇರೆ ರೂಪ, ಅದು ಸೇರುವುದು ಕಷ್ಟ. ಆದರೆ ಜೊತೆಯಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಸೇರುತ್ತದೆ. ದೊಣ್ಣೆಮೆಣಸಿನಕಾಯಿ, ಎಲೆಕೋಸುಗಳಲ್ಲಿ ಅದು ಚೆನ್ನಾಗಿದೆ, ಹೆಚ್ಚು ಬೇಯಿಸಿದರೆ ಮಾತ್ರ ಹಾಳಾಗುತ್ತದೆ. ಮಾಂಸಕ್ಕೆ 25 ನಿಮಿಷ, ದೊಣ್ಣೆಮೆಣಸಿಗೆ ಎರಡೇ ನಿಮಿಷ ಎಂದು ಹೇಳಿದ್ದು ಇದಕ್ಕೂ ಸೇರಿ. ಹುಳಿ ಇರುವ ಅಡುಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಊಟಕ್ಕೆ ಇಳಿಯುತ್ತದೆ. ಮಾಂಸ ತಿನ್ನದವರು ಹುರಳಿ ಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ.

ಕಾಫಿ ನಾಡಿನವರಾಗಿ ಹೇಳಲು ಕಷ್ಟವಾದ ಮಾತು ಇದು: ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಸೇರುವುದಿಲ್ಲ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದರು ಎಂಬ ಕಥೆ ಕೇಳಿ ಬೆಳೆದ ಜಿಲ್ಲೆ ನಮ್ಮದು. ನಮ್ಮ ಮನೆಯಲ್ಲಿ ರಾತ್ರಿ ಊಟದ ಮೇಲೆ ಒಂದು ಗುಟುಕು ಕಾಫಿ ಇಲ್ಲದೆ ಯಾರೂ ಏಳುವುದಿಲ್ಲ. ಅಮ್ಮಿಯ ಆ ಲೋಟವನ್ನು ಸಂಜೆ ಅಸರ್ ಹೊತ್ತಿಗೆ ಬದಲಾಯಿಸಿದೆವು. ಮೂರು ದಿನ ನನ್ನ ಮೇಲೆ ಕೋಪ ಮಾಡಿಕೊಂಡಿದ್ದರು. ನಾಲ್ಕನೇ ದಿನದಿಂದ ಅಸರ್ ಕಾಫಿಗೆ ತಾವೇ ಕರೆಯತೊಡಗಿದರು.

ಊಟ ಮಾತ್ರೆಗೆ ಬದಲಿಯಲ್ಲ. ಅಮ್ಮಿ ಮಾತ್ರೆಯನ್ನು ಒಂದು ದಿನವೂ ಬಿಡಲಿಲ್ಲ. ಯಾರಿಗಾದರೂ ಇಂಥ ಸುಸ್ತು ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಪಟ್ಟಿಯಲ್ಲಿ ಇಲ್ಲದ್ದು

ಮೇಲಿನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಕೂಲಿ. ಅಂಗಡಿಗೆ ಹೋಗಿ ಬಂದದ್ದನ್ನು ಬಿಟ್ಟು, ಬೇಯಿಸುವುದು, ಹೆಚ್ಚುವುದು, ಅರೆಯುವುದು, ಹುರಿಯುವುದು, ಪಾತ್ರೆ ತೊಳೆಯುವುದು ಸೇರಿ ನನಗೆ ಎರಡೂಕಾಲು ಗಂಟೆ ಹಿಡಿಯಿತು. ಮನೆಯವರು ಮನೆಗಾಗಿ ಮಾಡುವ ಕೆಲಸ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಅರ್ಥಶಾಸ್ತ್ರದ ಪುಸ್ತಕದಲ್ಲಿದೆ. ಅದನ್ನು ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆ. ಈಗ ವಾರಕ್ಕೆ ಮೂರು ರಾತ್ರಿ ಆ ಉತ್ತರವನ್ನು ನಿಂತು ಬರೆಯುತ್ತಿದ್ದೇನೆ. ಅಮ್ಮಿ ಅದನ್ನು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದಾರೆ, ಎಷ್ಟು ವರ್ಷ ಈ 8.4ರಲ್ಲೇ ಬರೆದರೋ.

ಮೂರನೇ ಸಲದ ರಾತ್ರಿ ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟ್ ಇರಲಿಲ್ಲ. ಚಾರ್ಜರ್ ಲೈಟಿನ ಬೆಳಕಿನಲ್ಲಿ ದಸ್ತರ್‌ಖಾನ್ ಹಾಸಿ ಕೂತೆವು. ತಮ್ಮ ಏನಾದರೂ ಹೇಳುತ್ತಾನೆಂದು ಕಾದೆ, ಅವನು ತಿನ್ನುತ್ತಲೇ ಇದ್ದ. ನಾನು ಮಾತ್ರ ದಾದಿಯ ತಟ್ಟೆಯ ಅಂಚು ನೋಡುತ್ತಿದ್ದೆ. ಅಂಚು ಖಾಲಿ ಇತ್ತು. ಒಂದೇ ಕಡೆಯ ದವಡೆಯಲ್ಲಿ ನಿಧಾನವಾಗಿ ಅಗಿದು ಮುಗಿಸಿ, ತಟ್ಟೆಯನ್ನು ನನ್ನ ಕಡೆ ಸರಿಸಿ "ಔರ್ ಹೈ ಕ್ಯಾ?" ಅಂದರು. ಇತ್ತು.

ಆಗಸ್ಟ್ ಕೊನೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಅಮ್ಮಿಗೆ 10.1 ಬಂತು. ಮಾತ್ರೆಯಿಂದಲೋ ಊಟದಿಂದಲೋ ಎಂದು ಕೇಳಿದೆ. ಎರಡನ್ನೂ ಮುಂದುವರಿಸಿ ಎಂದರು ಡಾಕ್ಟರ್. 12 ಆಗಲು ಇನ್ನೂ 1.9 ಬೇಕು. ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಯಾರಾದರೂ ನನ್ನನ್ನು ಕ್ರಿಕೆಟ್‌ಗೆ ಕರೆಯಬೇಡಿ. ಕುಕ್ಕರ್ ಇಟ್ಟಿರುತ್ತೇನೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯ ಒಂದು ರಾತ್ರಿ ಊಟದ ವೆಚ್ಚದ ಪಟ್ಟಿ ಬರೆಯಿರಿ. ತಲಾ ಎಷ್ಟಾಯಿತು?
2. ಆ ಊಟಕ್ಕೆ ಯಾರು ಎಷ್ಟು ಹೊತ್ತು ನಿಂತು ದುಡಿದರು? ಗಡಿಯಾರ ನೋಡಿ ಬರೆಯಿರಿ, ಅಂದಾಜು ಬೇಡ.
3. ನಿಮ್ಮ ಅಮ್ಮ ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ.